ಗರಗಸ ಇಡುವ ಮುಂಚೆ: ರೆಸಿನ್ ಕನ್ವರ್ಶನ್ ಸೆಟ್‌ನಿಂದ ವಿಮಾನದ ಮಾಡೆಲ್ ಕಟ್ಟುವ ಬಗೆ

ಒಳ್ಳೆಯ ಕಿಟ್ ಒಂದರ ಮೂತಿಯನ್ನು ಗರಗಸ ಹಿಡಿದು ಕೊಯ್ದು ಪಕ್ಕಕ್ಕಿಡುವುದು ಅಂದರೆ ಮೊದಲ ಸಲ ಯಾರ ಕೈಯಾದರೂ ನಡುಗುತ್ತದೆ. ಕೊಯ್ದದ್ದು ಕೊಯ್ದದ್ದೇ, ಮೊದಲಿನ ಹಾಗೆ ಆಗುವುದಿಲ್ಲ. ರೆಸಿನ್ ಕನ್ವರ್ಶನ್ ಸೆಟ್ ಕೈಗೆತ್ತಿಕೊಂಡವರು ಆ ಗಳಿಗೆ ದಾಟಲೇಬೇಕು.

ಒಂದೇ ವಿಮಾನಕ್ಕೆ ಹತ್ತಾರು ರೂಪಗಳಿರುತ್ತವೆ. ದೊಡ್ಡ ಕಂಪನಿಗಳು ಅದರಲ್ಲಿ ಹೆಚ್ಚು ಜನ ಕೇಳುವ ಒಂದೆರಡನ್ನು ಪ್ಲಾಸ್ಟಿಕ್ ಕಿಟ್ ಆಗಿ ತರುತ್ತವೆ. ಲೋಹದ ಅಚ್ಚು ದುಬಾರಿ, ಅದಕ್ಕೆ. ಮಿಕ್ಕ ರೂಪಗಳಿಗೆ ಸಣ್ಣ ತಯಾರಕರು ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ ಪಾಲಿಯುರೆಥೇನ್ ರೆಸಿನ್ ಹೊಯ್ದು, ಬದಲಾಗುವ ಭಾಗಗಳನ್ನಷ್ಟೇ ಮಾಡಿ ಮಾರುತ್ತಾರೆ. ಕನ್ವರ್ಶನ್ ಸೆಟ್ ಅಂದರೆ ಇದೇ. ಕಿಟ್ ಅವರದಲ್ಲ, ಭಾಗ ಮಾತ್ರ ಅವರದು. ಎರಡನ್ನೂ ಹೊಂದಿಸುವ ಕೆಲಸ ನಮ್ಮದು.

ಈ ಲೇಖನಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ: ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮಾರ್ಕ್ 9 ರೂಪವನ್ನು ಪಿಆರ್ ಮಾರ್ಕ್ 11 ಆಗಿ ಮಾಡುವುದು, 1/48 ಅಳತೆಯಲ್ಲಿ. ಪಿಆರ್ ಅಂದರೆ ಫೋಟೋ ತೆಗೆಯುವ ಬೇಹುಗಾರಿಕೆ ವಿಮಾನ. ಒಟ್ಟು 471 ಮಾರ್ಕ್ 11ಗಳು ತಯಾರಾದವು. ಈ ಉದಾಹರಣೆಯಲ್ಲಿ ಕತ್ತರಿಸುವುದು, ಮುಚ್ಚುವುದು, ಕೊರೆಯುವುದು, ಗಾಜು ಬದಲಿಸುವುದು ಎಲ್ಲ ಬರುತ್ತದೆ. ನಿಮ್ಮ ಸೆಟ್ ಬೇರೆ ವಿಮಾನದ್ದಾದರೂ ಕೆಲಸದ ಕ್ರಮ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ವರ್ಶನ್ ಮಾಡೆಲ್‌ನ ಹಣೆಬರಹ ಅಂಟಿನ ಬಾಟಲಿ ತೆರೆಯುವ ಮುಂಚೆಯೇ ಬರೆದಾಗಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಬಣ್ಣಕ್ಕಿಂತ ಗರಗಸದ ಮಾತೇ ಜಾಸ್ತಿ.

ಏನು ಬದಲಾಗುತ್ತದೆ ಅಂತ ತಿಳಿದುಕೊಳ್ಳಿ

ಸೆಟ್‌ನ ಜೊತೆ ಬರುವ ಹಾಳೆಯನ್ನು ಪೂರ್ತಿ ನಂಬಬೇಡಿ. ಸಣ್ಣ ತಯಾರಕರ ಹಾಳೆ ಎಷ್ಟೋ ಸಲ ಒಂದೇ ಪುಟ, ಮಸುಕಾದ ಒಂದು ಚಿತ್ರ, ಎರಡು ಬಾಣದ ಗುರುತು, ಅಷ್ಟೇ. ನನ್ನ ಹತ್ತಿರ ಬಂದ ಒಂದು ಸೆಟ್‌ನಲ್ಲಿ ಕತ್ತರಿಸುವ ಗೆರೆಯನ್ನು ಒಂದು ಪ್ಯಾನೆಲ್, ಅಂದರೆ ವಿಮಾನದ ಮೈಯ ಒಂದು ತಗಡಿನಷ್ಟು, ಹಿಂದಕ್ಕೆ ಬರೆದಿದ್ದರು. ರೆಸಿನ್ ಭಾಗವನ್ನು ಕಿಟ್‌ನ ಪಕ್ಕ ಇಟ್ಟು ನೋಡಿದ್ದರಿಂದ ಬಚಾವಾದೆ. ವಿಮಾನದ ಅಳತೆ ಚಿತ್ರ ಒಂದು, ನಿಜವಾದ ಫೋಟೋ ನಾಲ್ಕೈದು ಎದುರಿಗಿಟ್ಟುಕೊಂಡು, ನಿಮ್ಮದೇ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ.

ಮಾರ್ಕ್ 11ಕ್ಕೆ ನನ್ನ ಪಟ್ಟಿ ಹೀಗಿತ್ತು. ಎಂಜಿನ್ ಆಯಿಲ್ ಟ್ಯಾಂಕ್ ದೊಡ್ಡದಾದ್ದರಿಂದ ಮೂತಿಯ ಕೆಳಭಾಗ, ಅಂದರೆ ಗದ್ದ, ಮಾರ್ಕ್ 9ಕ್ಕಿಂತ ಉಬ್ಬಿದೆ. ಬಂದೂಕು ಒಂದೂ ಇಲ್ಲ. ಬಂದೂಕು ಕೂರುತ್ತಿದ್ದ ಕಡೆ, ರೆಕ್ಕೆಯ ಮುಂಚೂಣಿ ಅಂಚಿನಲ್ಲಿ, ಪೆಟ್ರೋಲ್ ಟ್ಯಾಂಕ್ ಇದೆ. ಒಂದೊಂದು ರೆಕ್ಕೆಗೆ 66 ಗ್ಯಾಲನ್, ಸುಮಾರು 300 ಲೀಟರ್. ಹಾಗಾಗಿ ಫಿರಂಗಿ ಮೊಳಕೆ (ರೆಕ್ಕೆಯಿಂದ ಮುಂದಕ್ಕೆ ಚಾಚಿದ ತುಂಡು), ಗುಂಡಿನ ಖಾಲಿ ಕೋಶ ಉದುರುವ ಕಿಂಡಿ, ರೆಕ್ಕೆ ಮೇಲಿನ ಉಬ್ಬು ಎಲ್ಲ ಹೋಗಬೇಕು, ಟ್ಯಾಂಕಿನ ಮುಚ್ಚಳ ಬರಬೇಕು. ಮುಂದಿನ ಗಾಜು ಗುಂಡು ತಡೆಯುವ ಚಪ್ಪಟೆ ದಪ್ಪ ಗಾಜಲ್ಲ, ಒಂದೇ ಬಾಗಿದ ತುಂಡು. ಒಡಲಿನ ಹಿಂಭಾಗದ ಕೆಳಗೆ ನೇರ ಕೆಳಕ್ಕೆ ನೋಡುವ ಎರಡು ಕ್ಯಾಮೆರಾ ಕಿಂಡಿ, ಪಕ್ಕದಲ್ಲಿ ಓರೆ ಕ್ಯಾಮೆರಾಗೆ ಇನ್ನೊಂದು. ಬಾಲದ ಚಕ್ರ ಬಹುಪಾಲು ವಿಮಾನಗಳಲ್ಲಿ ಒಳಕ್ಕೆ ಮಡಚಿಕೊಳ್ಳುತ್ತದೆ.

ಇಷ್ಟರಲ್ಲಿ ಯಾವ ವಿಮಾನ, ಯಾವ ನಂಬರ್‌ನದ್ದು ಅಂತಲೂ ತೀರ್ಮಾನ ಮಾಡಿ. ಇದು ಆಮೇಲೆ ನೋಡಿಕೊಳ್ಳೋಣ ಅನ್ನುವ ವಿಷಯ ಅಲ್ಲ. ಮಾರ್ಕ್ 11ರಲ್ಲೇ ಬಾಲದ ರಡ್ಡರ್ ಕೆಲವದಕ್ಕೆ ದುಂಡಗಿದೆ, ಕೆಲವದಕ್ಕೆ ಅಗಲವಾಗಿ ಚೂಪಾಗಿದೆ. ಡೆಕಾಲ್, ಅಂದರೆ ವಿಮಾನದ ಗುರುತು ನಂಬರ್‌ಗಳ ಅಂಟುಚಿತ್ರ, ಹಚ್ಚುವ ದಿನ ರಡ್ಡರ್ ತಪ್ಪು ಅಂತ ಗೊತ್ತಾದರೆ ಏನು ಮಾಡ್ತೀರಿ?

ಸೆಟ್ ಕೊಳ್ಳುವಾಗ ಇನ್ನೊಂದು ವಿಷಯ. ಯಾವ ಕಂಪನಿಯ ಕಿಟ್‌ಗೆ ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಅದೇ ಕಿಟ್ ತೆಗೆದುಕೊಳ್ಳಿ. ಎಲ್ಲ 1/48 ಸ್ಪಿಟ್‌ಫೈರ್‌ಗಳೂ ಒಂದೇ ಅಳತೆ ಅಲ್ವಾ ಅಂತ ಅನ್ನಿಸಬಹುದು. ಲೆಕ್ಕಕ್ಕೆ ಹೌದು. ಆದರೆ ಒಂದು ಕಂಪನಿಯ ಒಡಲು ಇನ್ನೊಂದಕ್ಕಿಂತ ಅರ್ಧ ಮಿಲಿಮೀಟರ್ ಅಗಲ ಇದ್ದರೂ ಸಂದಿನಲ್ಲಿ ಮೆಟ್ಟಿಲು ಏಳುತ್ತದೆ.

ತೊಳೆಯುವುದು, ತಡಕುವುದು

ಪೊಟ್ಟಣ ಒಡೆದ ಕೂಡಲೇ ರೆಸಿನ್ ಭಾಗಗಳನ್ನು ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಅಚ್ಚಿಗೆ ಜಿಡ್ಡು ಸವರಿರುತ್ತಾರೆ. ಅದು ಭಾಗದ ಮೇಲೆ ಉಳಿದರೆ ಅಂಟು ಹಿಡಿಯುವುದಿಲ್ಲ, ಬಣ್ಣ ಟೇಪ್ ಜೊತೆ ಎದ್ದು ಬರುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಷ್ ಸಾಕು. ಸಿಂಕಿನ ತೂತಿಗೆ ಜರಡಿ ಇಡುವುದು ಮರೆಯಬೇಡಿ. ಸಣ್ಣ ಭಾಗ ಒಮ್ಮೆ ಜಾರಿ ಹೋದರೆ ಹೋಯಿತು.

ಒಣಗಿದ ಮೇಲೆ ಬೆಳಕಿಗೆ ಹಿಡಿದು ಒಂದೊಂದೇ ಭಾಗ ನೋಡಿ. ಗಾಳಿಗುಳ್ಳೆಯ ತೂತು, ಮುರಿದ ಮೂಲೆ, ಪೂರ್ತಿ ತುಂಬದ ಅಂಚು ಇದೆಯಾ? ಗುಂಡುಸೂಜಿ ತಲೆಯಷ್ಟು ತೂತಾದರೆ ಚಿಂತೆ ಇಲ್ಲ, ಮುಚ್ಚಬಹುದು. ಮೂತಿಯ ಅಂಚೇ ಚಕ್ಕೆ ಎದ್ದಿದ್ದರೆ ತಯಾರಕರಿಗೆ ಬರೆಯಿರಿ. ಬೇರೆ ಭಾಗ ಕಳಿಸಿಕೊಡುವವರು ಇದ್ದಾರೆ.

ಕ್ಯಾಲಿಪರ್ ಇದ್ದರೆ ಅಳತೆಯನ್ನೂ ನೋಡಿ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಮೂತಿಯ ಹಿಂದಿನ ಮುಖದ ಅಗಲ, ಎತ್ತರ ಎರಡನ್ನೂ ಕಿಟ್‌ನ ಒಡಲಿನ ಜೊತೆ ಹೋಲಿಸಿ, ಪೆನ್ಸಿಲ್‌ನಲ್ಲಿ ಭಾಗದ ಮೇಲೇ ಬರೆದಿಡಿ. ಈ ಸಂಖ್ಯೆಗಳು ಮುಂದೆ ಬೇಕಾಗುತ್ತವೆ.

ಸೊಟ್ಟಗಾದ ಭಾಗ ಕಂಡರೆ ಗಾಬರಿ ಬೇಡ. ಬಿಸಿನೀರಿನಲ್ಲಿ ಒಂದು ನಿಮಿಷ ಮುಳುಗಿಸಿದರೆ ರೆಸಿನ್ ಮೆತ್ತಗಾಗುತ್ತದೆ. ಚಿಮಟದಿಂದ ತೆಗೆದು, ಗಾಜಿನ ಮೇಲೆ ಒತ್ತಿ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ತಣಿದಾಗ ಆ ಆಕಾರದಲ್ಲೇ ನಿಲ್ಲುತ್ತದೆ. ತೆಳ್ಳಗಿನ ಭಾಗಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ದಪ್ಪ ಮೂತಿ ಸೊಟ್ಟಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಉಜ್ಜಿಯೇ ಸರಿಮಾಡಬೇಕು.

ಎರಕದ ಗಡ್ಡೆ ತೆಗೆಯುವುದು

ಪ್ರತಿ ರೆಸಿನ್ ಭಾಗದ ಹಿಂದೆಯೂ ಹೊಯ್ದಾಗ ಉಳಿದ ಒಂದು ಗಡ್ಡೆ ಇರುತ್ತದೆ. ಅದನ್ನು ಕೊಯ್ದು ತೆಗೆಯಬೇಕು. ಶುರು ಮಾಡುವ ಮೊದಲು ಮಾಸ್ಕ್ ಹಾಕಿಕೊಳ್ಳಿ. ರೆಸಿನ್ ಪುಡಿ ತುಂಬಾ ಸಣ್ಣ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದಷ್ಟೂ ಒದ್ದೆ ಮಾಡಿ ಕೊಯ್ಯಿರಿ, ಒದ್ದೆ ಮಾಡಿ ಉಜ್ಜಿ. ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಣ್ಣದ ಕೆಲಸಕ್ಕೆ ಮಾಸ್ಕ್ ಹಾಕಿಕೊಂಡು ರೆಸಿನ್ ಉಜ್ಜುವಾಗ ಹಾಕದವರನ್ನು ನೋಡಿದ್ದೇನೆ. ಯಾಕೋ ಗೊತ್ತಿಲ್ಲ.

ಗರಗಸ ತೆಳ್ಳಗಿರಲಿ, ಹಲ್ಲು ಸಣ್ಣಗಿರಲಿ. ರೇಜರ್ ಸಾ ಅಂತಲೇ ಸಿಗುತ್ತದೆ. ಭಾಗ ಮತ್ತು ಗಡ್ಡೆ ಸೇರುವ ಗೆರೆಯ ಮೇಲೆ ಕೊಯ್ಯಬೇಡಿ. ಗಡ್ಡೆಯ ಕಡೆಗೆ ಒಂದು ಮಿಲಿಮೀಟರ್ ಬಿಟ್ಟು ಕೊಯ್ಯಿರಿ. ಒಂದೇ ಕಡೆಯಿಂದ ಪೂರ್ತಿ ಇಳಿಸಬೇಡಿ. ಸ್ವಲ್ಪ ಕೊಯ್ದು, ಭಾಗ ತಿರುಗಿಸಿ, ಆ ಕಡೆಯಿಂದ ಸ್ವಲ್ಪ, ಹೀಗೆ ಸುತ್ತ ಬನ್ನಿ. ಒಂದೇ ಕಡೆಯಿಂದ ಇಳಿದರೆ ಗರಗಸ ಒಳಗೆ ಯಾವ ಕಡೆ ವಾಲುತ್ತಿದೆ ಅಂತ ತಿಳಿಯುವುದಿಲ್ಲ. ಆಚೆ ಬದಿ ಹೊರಬಂದಾಗ ಭಾಗಕ್ಕೇ ಎರಡು ಮಿಲಿಮೀಟರ್ ಹೊಕ್ಕಿರುತ್ತದೆ.

ಉಳಿದ ಒಂದು ಮಿಲಿಮೀಟರ್ ಉಜ್ಜಲು ಒಂದು ಗಾಜಿನ ತುಂಡಿನ ಮೇಲೆ 320 ನಂಬರ್ ವಾಟರ್ ಪೇಪರ್ ಅಂಟಿಸಿಕೊಳ್ಳಿ. ನೀರು ಚಿಮುಕಿಸಿ, ಭಾಗವನ್ನು ನೆಟ್ಟಗೆ ಹಿಡಿದು, ಎಂಟರ ಆಕಾರದಲ್ಲಿ ಸುತ್ತಿಸಿ. ಹಿಂದೆ ಮುಂದೆ ಉಜ್ಜಿದರೆ ಕೈ ತಾನಾಗಿ ಒಂದು ಕಡೆ ಭಾರ ಹಾಕುತ್ತದೆ, ಮುಖ ಓರೆಯಾಗುತ್ತದೆ. ಹತ್ತು ಸುತ್ತಿಗೊಮ್ಮೆ ಎತ್ತಿ ನೋಡಿ. ಮುಖಕ್ಕೆ ಮೊದಲೇ ಮಾರ್ಕರ್ ಬಳಿದಿದ್ದರೆ ಎಲ್ಲಿ ಉಜ್ಜಿಲ್ಲ ಅಂತ ಬಣ್ಣವೇ ಹೇಳುತ್ತದೆ. ಬಣ್ಣ ಎಲ್ಲ ಕಡೆ ಒಟ್ಟಿಗೆ ಹೋದರೆ ಮುಖ ಸಮ ಆಯಿತು. ಅಲ್ಲಿಗೆ ನಿಲ್ಲಿಸಿ.

ಕಿಟ್‌ನ ಮೂತಿ ಕೊಯ್ಯುವುದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ನಿಮಿಷ ಇದು.

ಕೆಲವು ಸೆಟ್ ಗದ್ದದ ಭಾಗ ಮಾತ್ರ ಕೊಡುತ್ತವೆ, ಕೆಲವು ಇಡೀ ಮೂತಿ. ಇಡೀ ಮೂತಿ ಬದಲಿಸುವುದಾದರೆ ಎಂಜಿನ್ ಮುಗಿದು, ಪೈಲಟ್ ಮುಂದಿನ ಪೆಟ್ರೋಲ್ ಟ್ಯಾಂಕ್ ಶುರುವಾಗುವ ಪ್ಯಾನೆಲ್ ಗೆರೆಯಲ್ಲಿ ಕೊಯ್ಯುತ್ತೇವೆ. ಪ್ಯಾನೆಲ್ ಗೆರೆಯ ಮೇಲೇ ಸಂದು ಬಂದರೆ ಲಾಭ: ಮುಚ್ಚಲು ಕಷ್ಟಪಡಬೇಕಿಲ್ಲ, ಅಲ್ಲಿ ಹೇಗೂ ಗೆರೆ ಇರಬೇಕು.

ಒಡಲಿನ ಎರಡು ಅರ್ಧಗಳನ್ನು ಅಂಟಿಸದೆ ಟೇಪ್ ಹಾಕಿ ಜೋಡಿಸಿ. ದಪ್ಪ ಲೇಬಲ್ ಟೇಪನ್ನು ಗೆರೆಯ ಅಂಚಿಗೆ ಸುತ್ತ ಅಂಟಿಸಿ. ಅದು ಬ್ಲೇಡಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಸುತ್ತು ಮುಗಿದಾಗ ಟೇಪಿನ ತುದಿ ಶುರುವಾದ ಜಾಗಕ್ಕೇ ಬಂದು ಕೂಡಬೇಕು. ಕೂಡಲಿಲ್ಲ ಅಂದರೆ ಟೇಪ್ ಓರೆಯಾಗಿದೆ, ತೆಗೆದು ಮತ್ತೆ ಹಾಕಿ. ಈಗ ಅರ್ಧಗಳನ್ನು ಬಿಡಿಸಿ, ಒಂದೊಂದರಲ್ಲೂ ಚಾಕುವಿನ ಬೆನ್ನಿನಿಂದ ಆ ಗೆರೆಯನ್ನು ಹತ್ತು ಹನ್ನೆರಡು ಸಲ ಹಗುರಕ್ಕೆ ಗೀರಿ. ಗೀರು ಆಳ ಆದ ಮೇಲೆ ಗರಗಸ ಇಟ್ಟರೆ ಅದು ಜಾರುವುದಿಲ್ಲ, ಗೀರಿನಲ್ಲೇ ಓಡುತ್ತದೆ.

ಎಲ್ಲಿ ಕೊಯ್ಯಬೇಕು? ಗೆರೆಯಿಂದ ಅರ್ಧ ಮಿಲಿಮೀಟರ್ ಮುಂದಕ್ಕೆ. ಬಿಸಾಕುವ ಕಡೆಗೆ. ಗೀರು ಕೂಡ ಅಲ್ಲೇ ಬೀಳುವ ಹಾಗೆ ಟೇಪ್ ಹಾಕಬೇಕು.

ನಾನು ಮೊದಲ ಸಲ ಸರಿಯಾಗಿ ಗೆರೆಯ ಮೇಲೇ ಕೊಯ್ದಿದ್ದೆ. ಗರಗಸ ತನ್ನ ದಪ್ಪದಷ್ಟು ತಿಂದಿತು. ಅಂಚು ಸಮ ಮಾಡಲು ಉಜ್ಜಿದ್ದು ಇನ್ನಷ್ಟು ತಿಂದಿತು. ಒಟ್ಟು ಒಂದು ಮಿಲಿಮೀಟರ್ ಹೋಯಿತು. ಒಂದು ಮಿಲಿಮೀಟರ್ ತಾನೇ ಅಂದುಕೊಂಡೆ. 1/48ರಲ್ಲಿ ಅದು ನಿಜವಾದ ವಿಮಾನದ 48 ಮಿಲಿಮೀಟರ್. ಮೂತಿ ಇಟ್ಟು ನೋಡಿದರೆ ಮೂಗು ಒತ್ತಿದ ಹಾಗೆ ಕಾಣುತ್ತಿತ್ತು. ಏನು ತಪ್ಪಿದೆ ಅಂತ ನೋಡಿದವರಿಗೆ ಹೇಳಲು ಬರದಿದ್ದರೂ, ಏನೋ ತಪ್ಪಿದೆ ಅಂತ ಗೊತ್ತಾಗುವಂಥ ತಪ್ಪು ಅದು. ಕೊನೆಗೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಒಡಲಿನ ಬಾಯಿಗೆ ಅಂಟಿಸಿ, ಒಣಗಿದ ಮೇಲೆ ಸುತ್ತ ಸವರಿ, ಕಳೆದ ಮಿಲಿಮೀಟರ್ ವಾಪಸ್ ಪಡೆದೆ. ನಿಮಗೂ ಹಾಗಾದರೆ ಅದೇ ಮದ್ದು. ಬರಿ ಪುಟ್ಟಿ ತುಂಬಿ ಉದ್ದ ಮಾಡಲು ಹೋಗಬೇಡಿ, ಬಿರುಕು ಬಿಡುತ್ತದೆ.

ಇನ್ನೊಂದು ಬಲೆ ಕೆಳಗಿದೆ. ಸ್ಪಿಟ್‌ಫೈರ್ ಕಿಟ್‌ಗಳಲ್ಲಿ ರೆಕ್ಕೆಯ ಕೆಳಭಾಗ ಒಂದೇ ತುಂಡಾಗಿರುವುದು ಹೆಚ್ಚು. ಅದರ ನಡುವಿನ ಮುಂದಿನ ಅಂಚು ಗದ್ದಕ್ಕೆ ಬಂದು ತಾಗುತ್ತದೆ. ಒಡಲಿಗೆ ಮೂತಿ ಸರಿಯಾಗಿ ಕೂತರೂ, ರೆಕ್ಕೆ ಬಂದು ಸೇರುವ ಹೊತ್ತಿಗೆ ಗದ್ದದ ಹಿಂದೆ ಸಂದು ಬಿಡಬಹುದು, ಇಲ್ಲವೇ ಗದ್ದವೇ ಅಡ್ಡ ಬರಬಹುದು. ಹಾಗಾಗಿ ಮೂರನ್ನೂ, ಅಂದರೆ ಒಡಲು, ಮೂತಿ, ರೆಕ್ಕೆಯ ಕೆಳಭಾಗ, ಒಟ್ಟಿಗೆ ಟೇಪ್ ಹಾಕಿ ನೋಡದೆ ಯಾವುದನ್ನೂ ಅಂಟಿಸಬೇಡಿ.

ಅಂಟಿಲ್ಲದೆ ಜೋಡಿಸಿ ನೋಡುವುದು

ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಮೂತಿ ಇಟ್ಟು ಮೇಲಿಂದ ನೋಡಿ, ಪಕ್ಕದಿಂದ ನೋಡಿ, ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಮೂತಿಯ ನಡುಗೆರೆ ಒಡಲಿನ ನಡುಗೆರೆಯ ಜೊತೆ ಹೋಗುತ್ತಿದೆಯಾ? ಪ್ರೊಪೆಲರ್ ತಟ್ಟೆ ಇಟ್ಟರೆ ನೇರ ಮುಂದಕ್ಕೆ ನೋಡುತ್ತಿದೆಯಾ? ಸಮತಟ್ಟಾದ ಗಾಜಿನ ಮೇಲಿಟ್ಟು ಎರಡೂ ರೆಕ್ಕೆಯ ತುದಿಯ ಎತ್ತರ ಅಳೆಯಿರಿ. ಸ್ಪಿಟ್‌ಫೈರ್ ರೆಕ್ಕೆ 6 ಡಿಗ್ರಿ ಮೇಲಕ್ಕೆ ಎದ್ದಿರುತ್ತದೆ. ಎರಡು ಕಡೆ ಬೇರೆ ಬೇರೆ ಎದ್ದರೆ ಮುಂದಿನಿಂದ ಎದ್ದು ಕಾಣುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ 234 ಮಿಲಿಮೀಟರ್ ಸಿಗಬೇಕು. ನಿಜದ ವಿಮಾನದ 11.23 ಮೀಟರ್ ಅದು.

ಒಡಲು ಮೂತಿಗಿಂತ ಕಿರಿದಾಗಿದ್ದರೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು ಅಗಲಿಸಿ. ಮೊದಲು ಬರೆದಿಟ್ಟ ಅಳತೆ ಇಲ್ಲಿ ಬಳಕೆಗೆ ಬರುತ್ತದೆ. ಪ್ಲಾಸ್ಟಿಕ್ ಬಾಗುತ್ತದೆ, ರೆಸಿನ್ ಬಾಗುವುದಿಲ್ಲ. ಹೊಂದಿಕೊಳ್ಳಬೇಕಾದದ್ದು ಪ್ಲಾಸ್ಟಿಕ್ಕೇ. ಒಡಲು ಅಗಲವಾಗಿದ್ದರೆ ಎರಡು ಅರ್ಧ ಸೇರುವ ಅಂಚನ್ನು ಸ್ವಲ್ಪ ಉಜ್ಜಿ, ಆದರೆ ಕಾಕ್‌ಪಿಟ್ ಹತ್ತಿರ ಬೇಡ.

ಕಾಕ್‌ಪಿಟ್ ರೆಸಿನ್‌ದಾದರೆ ಒಡಲಿನ ಒಳಗೋಡೆ ತೆಳ್ಳಗೆ ಮಾಡಬೇಕಾಗುತ್ತದೆ. ಕೆರೆಯುತ್ತಾ ಕೆರೆಯುತ್ತಾ ದೀಪಕ್ಕೆ ಹಿಡಿದು ನೋಡಿ. ಪ್ಲಾಸ್ಟಿಕ್ ಹಿಂದಿನ ಬೆಳಕು ಮಸುಕಾಗಿ ಕಂಡರೆ ಸಾಕು, ಇನ್ನೂ ಕೆರೆದರೆ ಬೆರಳೇ ಆಚೆ ಬರುತ್ತದೆ.

ಅಂಟಿಸುವುದು

ಪ್ಲಾಸ್ಟಿಕ್‌ಗೆ ಹಾಕುವ ಮಾಮೂಲಿ ಲಿಕ್ವಿಡ್ ಸಿಮೆಂಟ್ ರೆಸಿನ್‌ಗೆ ಹಿಡಿಯುವುದಿಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು. ರೆಸಿನ್ ಅದಕ್ಕೆ ಕರಗುವುದೇ ಇಲ್ಲ. ಸೂಪರ್ ಗ್ಲೂ ಅಥವಾ ಎರಡು ಟ್ಯೂಬಿನ ಎಪಾಕ್ಸಿ ಬೇಕು.

ಮೂತಿಯಂಥ ದೊಡ್ಡ ಸಂದಿಗೆ ನಾನು ಎಪಾಕ್ಸಿಯನ್ನೇ ನೆಚ್ಚುತ್ತೇನೆ. ಸೂಪರ್ ಗ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಚ್ಚುತ್ತದೆ. ಅರ್ಧ ಡಿಗ್ರಿ ಓರೆಯಾಗಿ ಕೂತರೆ ಅಲ್ಲಿಗೇ ಮುಗಿಯಿತು. ಎಪಾಕ್ಸಿ ಐದು ನಿಮಿಷದ್ದಾದರೂ ಹೊಂದಿಸಿಕೊಳ್ಳಲು ಸಮಯ ಕೊಡುತ್ತದೆ. ಮೂವತ್ತು ನಿಮಿಷದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಸೂಪರ್ ಗ್ಲೂ ಸಣ್ಣ ಭಾಗಗಳಿಗಿರಲಿ.

ಆದರೆ ಬರಿ ಮುಖಕ್ಕೆ ಮುಖ ಅಂಟಿಸಿದ ಸಂದು ಬಲ ಇರುವುದಿಲ್ಲ. ರೆಸಿನ್ ಮೂತಿ ಗಟ್ಟಿ ತುಂಡಾದರೆ ಭಾರವೂ ಹೌದು. ಮುಂದೆ ಉಜ್ಜುವಾಗ ಒತ್ತಿದರೆ ಟಕ್ಕನೆ ಬಿಡುತ್ತದೆ. ಹಾಗಾಗಿ ಒಡಲಿನ ಬಾಯಿಗೆ ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆಯ ಗೋಡೆ ಒಂದನ್ನು ಕೂರಿಸಿ. ಮೂತಿಯ ಹಿಂದಿನ ಮುಖದಲ್ಲಿ ಒಂದು ಮಿಲಿಮೀಟರ್‌ನ ಎರಡು ತೂತು ಕೊರೆದು ಹಿತ್ತಾಳೆ ಕಡ್ಡಿ ನೆಡಿ. ಕಡ್ಡಿಯ ತುದಿಗೆ ಚೂರು ಬಣ್ಣ ಹಚ್ಚಿ, ಮೂತಿಯನ್ನು ಸರಿಯಾದ ಜಾಗಕ್ಕೆ ಒತ್ತಿದರೆ ಎದುರು ಗೋಡೆಯ ಮೇಲೆ ಎರಡು ಚುಕ್ಕೆ ಬೀಳುತ್ತವೆ. ಅಲ್ಲಿ ಕೊರೆಯಿರಿ. ಆ ತೂತುಗಳು ಒಂದಿಷ್ಟು ದೊಡ್ಡದಾಗಿರಲಿ, ಹೊಂದಿಸಲು ಜಾಗ ಬೇಕು. ಎಪಾಕ್ಸಿ ಆ ಜಾಗ ತುಂಬಿಕೊಳ್ಳುತ್ತದೆ.

ಅಂಟಿಸಿದ ಮೇಲೆ ಟೇಪ್ ಹಾಕಿ ರಾತ್ರಿ ಇಡೀ ಮುಟ್ಟಬೇಡಿ.

ಸಂದು ಮುಚ್ಚುವುದು

ಇಲ್ಲಿ ಮೂರು ಬೇರೆ ಬೇರೆ ವಸ್ತು ಒಂದೇ ಜಾಗದಲ್ಲಿ ಸೇರಿವೆ: ಪ್ಲಾಸ್ಟಿಕ್, ರೆಸಿನ್, ನಡುವೆ ತುಂಬಿದ್ದು. ಮೂರೂ ಬೇರೆ ಬೇರೆ ವೇಗದಲ್ಲಿ ಸವೆಯುತ್ತವೆ. ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಮೆತ್ತಗಿರುವುದು ತಗ್ಗಾಗುತ್ತದೆ, ಗಟ್ಟಿಯದು ಉಬ್ಬಿ ನಿಲ್ಲುತ್ತದೆ. ಪೇಪರನ್ನು ಗಟ್ಟಿಯಾದ ಮರದ ತುಂಡಿಗೆ ಸುತ್ತಿ ಉಜ್ಜಿ.

ತುಂಬಲು ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಬೆರೆಸಿ, ಟೂತ್‌ಪೇಸ್ಟ್ ಹದಕ್ಕೆ ಕಲಸಿಕೊಳ್ಳಿ. ಪುಟ್ಟಿಯ ಹಾಗೆ ಇದು ಒಣಗಿ ಕುಗ್ಗುವುದಿಲ್ಲ. ಮೇಲೆ ಗೆರೆ ಕೊರೆದರೂ ಪುಡಿಯಾಗುವುದಿಲ್ಲ. ಒಂದೇ ಎಚ್ಚರ: ಗಟ್ಟಿಯಾದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಉಜ್ಜಿಬಿಡಿ. ನಾಳೆ ನೋಡೋಣ ಅಂದರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಉಜ್ಜಿದಷ್ಟೂ ಪಕ್ಕದ ಪ್ಲಾಸ್ಟಿಕ್ಕೇ ಸವೆಯುತ್ತದೆ. ರೆಸಿನ್‌ನ ಗಾಳಿಗುಳ್ಳೆಗೂ ಇದೇ ಮಿಶ್ರಣ, ಸೂಜಿ ಮೊನೆಯಲ್ಲಿ.

320ರಿಂದ ಶುರು ಮಾಡಿ 600, 1000ಕ್ಕೆ ಹೋಗಿ. ಆಮೇಲೆ ಬೂದು ಪ್ರೈಮರ್ ಒಂದು ಕೋಟ್ ಹೊಡೆಯಿರಿ. ಸರಿಯಾಗಿದೆ ಅಂತ ನಿಮ್ಮ ಬೆರಳು ಹೇಳಿದ ಜಾಗದಲ್ಲೇ ಪ್ರೈಮರ್ ಗೀರು ತೋರಿಸುತ್ತದೆ. ಬೇಜಾರಾಗುತ್ತದೆ, ನಿಜ. ತುಂಬಿ, ಉಜ್ಜಿ, ಮತ್ತೆ ಪ್ರೈಮರ್. ನನಗೆ ಮೂರು ಸುತ್ತಿಗಿಂತ ಕಡಿಮೆಯಲ್ಲಿ ಯಾವ ಮೂತಿಯೂ ಮುಗಿದಿಲ್ಲ.

ಈ ವಿಮಾನಕ್ಕೆ ನುಣುಪು ಸುಮ್ನೆ ಅಂದಕ್ಕಲ್ಲ. ಬಂದೂಕಿಲ್ಲದ ಪೈಲಟ್‌ಗೆ ಎತ್ತರ ಮತ್ತು ವೇಗವೇ ರಕ್ಷಣೆ. 1944ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅತಿವೇಗದ ಡೈವ್ ಪರೀಕ್ಷೆಗೆ ಬಳಸಿದ್ದು ಒಂದು ಮಾರ್ಕ್ 11ನ್ನೇ. ಶಬ್ದದ ವೇಗದ ಹತ್ತಿರಕ್ಕೆ ಹೋಗುವ ಆ ಡೈವ್‌ನಲ್ಲಿ ಪ್ರೊಪೆಲರ್ ತನ್ನ ಗೇರ್ ಸಮೇತ ಕಿತ್ತು ಹೋಯಿತು. ಪೈಲಟ್ ಮಾರ್ಟಿಂಡೇಲ್ ಎಂಜಿನ್ ಇಲ್ಲದೆ ತೇಲಿಸಿಕೊಂಡು ಬಂದು ನೆಲಕ್ಕಿಳಿಸಿದರು. ಅಂಥ ವಿಮಾನದ ರೆಕ್ಕೆಯ ಮೇಲೆ ಪುಟ್ಟಿಯ ದಿಬ್ಬ ಬಿಟ್ಟರೆ ಹೇಗೆ?

ರೆಕ್ಕೆಯ ಕೆಲಸ

ಕೆಲವು ಸೆಟ್‌ನಲ್ಲಿ ರೆಸಿನ್ ರೆಕ್ಕೆಯೇ ಬರುತ್ತದೆ. ಬರದಿದ್ದರೆ ಫಿರಂಗಿ ಮೊಳಕೆಗಳನ್ನು ಕೊಯ್ದು, ಮುಂಚೂಣಿ ಅಂಚಿನ ಆಕಾರಕ್ಕೆ ಸವರಿ. ಬಂದೂಕಿನ ಗುಂಡು ಹೊರಬರುವ ತೂತುಗಳಿಗೆ ಪ್ಲಾಸ್ಟಿಕ್ ಕಡ್ಡಿ ತುರುಕಿ ಸಿಮೆಂಟ್ ಹಾಕಿ, ಒಣಗಿದ ಮೇಲೆ ಕತ್ತರಿಸಿ ಉಜ್ಜಿ. ಇಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಆದ್ದರಿಂದ ಸಂದು ಒಂದಾಗಿ ಹೋಗುತ್ತದೆ. ಮೇಲಿನ ಉಬ್ಬನ್ನು ಅರದಿಂದ ಇಳಿಸುವ ಮೊದಲು ಒಳಗಿನಿಂದ ದಪ್ಪಕ್ಕೆ ಎಪಾಕ್ಸಿ ಪುಟ್ಟಿ ಮೆತ್ತಿ. ಕಿಟ್‌ನ ಗೋಡೆ ಅಲ್ಲಿ ತೆಳ್ಳಗಿರುತ್ತದೆ, ಉಜ್ಜುತ್ತಾ ಹೋದರೆ ತೂತು ಬೀಳುತ್ತದೆ.

ಅಳಿಸಿಹೋದ ಪ್ಯಾನೆಲ್ ಗೆರೆಗಳಲ್ಲಿ ಬೇಕಾದವನ್ನು ಮಾತ್ರ ಮತ್ತೆ ಕೊರೆಯಿರಿ. ಬಂದೂಕಿನ ಬಾಗಿಲುಗಳ ಗೆರೆ ಈ ವಿಮಾನಕ್ಕೆ ಬೇಡ, ಅವನ್ನು ತುಂಬಿಬಿಡಿ. ಲೇಬಲ್ ಟೇಪ್ ಅಂಚಿಗೆ ಸೂಜಿ ಇಟ್ಟು ಹಗುರಕ್ಕೆ, ಒಂದೇ ದಿಕ್ಕಿಗೆ ಎಳೆಯಿರಿ. ಮೊದಲ ಎರಡು ಎಳೆತದಲ್ಲಿ ಗೆರೆ ಕಾಣಲೇಬಾರದು, ಅಷ್ಟು ಹಗುರ. ಟ್ಯಾಂಕಿನ ಮುಚ್ಚಳಕ್ಕೆ ದುಂಡು ಟೆಂಪ್ಲೇಟ್ ಸಾಕು.

ಕ್ಯಾಮೆರಾ ಕಿಂಡಿ, ಗಾಜು

ಒಡಲಿನ ಅರ್ಧಗಳನ್ನು ಜೋಡಿಸುವ ಮೊದಲೇ ಕಿಂಡಿಯ ಜಾಗ ಗುರುತಿಸಿ ಸಣ್ಣ ತೂತು ಕೊರೆದು, ದುಂಡು ಅರದಿಂದ ಅಗಲಿಸಿ. ಒಳಗೆಲ್ಲ ಕಪ್ಪು ಬಳಿಯಿರಿ. ಸೆಟ್‌ನಲ್ಲಿ ಕ್ಯಾಮೆರಾ ಬಂದಿದ್ದರೆ ಈಗಲೇ ಕೂರಿಸಿ, ಆಮೇಲೆ ದಾರಿ ಇರುವುದಿಲ್ಲ. ಗಾಜಿಗೆ ಕಿಟ್‌ನ ಪಾರದರ್ಶಕ ಭಾಗಗಳನ್ನು ಹಿಡಿದಿರುವ ಫ್ರೇಮಿನ ತುಂಡನ್ನು ಕಿಂಡಿಗೆ ಸರಿಯಾಗಿ ಉಜ್ಜಿ, ಹೊರಗೆ ಸ್ವಲ್ಪ ಉಬ್ಬಿರುವಂತೆ ಎಪಾಕ್ಸಿಯಲ್ಲಿ ಕೂರಿಸಿ. ಆಮೇಲೆ ಒಡಲಿನ ಜೊತೆಗೇ ಸಮಕ್ಕೆ ಉಜ್ಜಿ, 2000 ನಂಬರ್ ಪೇಪರ್ ದಾಟಿ ಪಾಲಿಶ್ ಮಾಡಿದರೆ ಗಾಜು ತಿರುಗಿ ತಿಳಿಯಾಗುತ್ತದೆ. ಉಜ್ಜಿ ಮಬ್ಬಾದಾಗ ಕೆಟ್ಟಿತು ಅಂತ ಅನ್ನಿಸುತ್ತದೆ. ಪಾಲಿಶ್ ಮುಗಿಯುವವರೆಗೆ ತಾಳ್ಮೆ ಇರಲಿ.

ಮುಂದಿನ ಬಾಗಿದ ಗಾಜು ಸಾಮಾನ್ಯವಾಗಿ ತೆಳು ಹಾಳೆಯನ್ನು ಬಿಸಿ ಮಾಡಿ ಎಳೆದು ಮಾಡಿದ್ದು, ವ್ಯಾಕ್‌ಫಾರ್ಮ್ ಅಂತಾರೆ. ಎರಡು ಬಂದಿದ್ದರೆ ಒಂದು ಹಾಳಾಗಲಿಕ್ಕೇ ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ. ಹೊಸ ಬ್ಲೇಡು, ಹತ್ತಾರು ಹಗುರ ಗೀರು, ಒಂದೇ ಏಟಿಗೆ ಕತ್ತರಿಸುವ ಆಸೆ ಬೇಡ. ಅಂಟಿಸಲು ಬಿಳಿ ಫೆವಿಕಾಲ್ ಥರದ ಅಂಟು. ಸೂಪರ್ ಗ್ಲೂ ಮಾತ್ರ ಗಾಜಿನ ಹತ್ತಿರಕ್ಕೂ ತರಬೇಡಿ. ಅದರ ಆವಿಯೇ ಗಾಜಿಗೆ ಬಿಳಿ ಮಂಜು ಹಿಡಿಸುತ್ತದೆ. ಮುಚ್ಚಿದ ಕಾಕ್‌ಪಿಟ್ ಒಳಗೆ ಆ ಮಂಜು ಹಿಡಿದರೆ ಒರೆಸಲು ಬೆರಳೂ ಹೋಗುವುದಿಲ್ಲ. ಕೇಳಿ ಕಲಿತದ್ದಲ್ಲ ಇದು.

ಬಣ್ಣ

ಇಲ್ಲಿಂದ ಮಾಮೂಲಿ ಕಿಟ್‌ನ ಹಾಗೇ. ಚಕ್ರದ ಕಾಲು, ಎಗ್ಸಾಸ್ಟ್, ಪ್ರೊಪೆಲರ್ ಕೊನೆಗೆ. ಬಾಲದ ಚಕ್ರದ ಗೂಡಿನ ಬಾಗಿಲು ತೆಳ್ಳಗಿರಲಿ.

ಮಾರ್ಕ್ 11ರಲ್ಲಿ ಬಹುಪಾಲಿಗೆ ಇಡೀ ಮೈಗೆ ಪಿಆರ್‌ಯು ಬ್ಲೂ ಅನ್ನುವ ಒಂದೇ ಬಣ್ಣ, ಬೂದು ಬೆರೆತ ನೀಲಿ. ಅಮೆರಿಕದ 7ನೇ ಫೋಟೋ ಗ್ರೂಪ್‌ನವರೂ ಇಂಗ್ಲೆಂಡಿನಿಂದ ಇದೇ ನೀಲಿಯ ಮಾರ್ಕ್ 11ಗಳನ್ನು ಹಾರಿಸಿದ್ದಾರೆ. ಗುರುತು ಬೇರೆ, ಹಾಗಾಗಿ ಡೆಕಾಲ್ ಆರಿಸಿಕೊಳ್ಳಲು ಒಳ್ಳೆ ಅವಕಾಶ. ಒಂದೇ ಬಣ್ಣ ಸುಲಭ ಅನ್ನಿಸುತ್ತದೆ, ಆದರೆ ಸಂದಿನ ಪ್ರತಿ ತಪ್ಪನ್ನೂ ಅದು ಎತ್ತಿ ತೋರಿಸುತ್ತದೆ. ಮರೆಮಾಚುವ ಪಟ್ಟೆ ಇದ್ದರೆ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಬಣ್ಣ ಸಪ್ಪೆ ಕಾಣಬಾರದು ಅಂದರೆ ಪ್ಯಾನೆಲ್‌ಗಳ ನಡುವೆ ಅದೇ ನೀಲಿಗೆ ಎರಡು ಹನಿ ಬಿಳಿ ಬೆರೆಸಿ ತೆಳ್ಳಗೆ ಹೊಡೆಯಿರಿ. ಡೆಕಾಲ್‌ಗೆ ಮೊದಲು ಹೊಳಪಿನ ವಾರ್ನಿಷ್, ಡೆಕಾಲ್ ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್.

ವಾರ್ನಿಷ್ ಪೂರ್ತಿ ಒಣಗಿದ ಮೇಲೆ, ಬಣ್ಣ ತಾಗದಿರಲಿ ಅಂತ ಗಾಜುಗಳಿಗೆ ಹಾಕಿದ್ದ ಟೇಪ್ ಬಿಚ್ಚಿ, ಕ್ಯಾಮೆರಾ ಕಿಂಡಿಗಳದ್ದನ್ನು ಕೊನೆಗೆ. ಟೇಪನ್ನು ಮೇಲಕ್ಕೆ ಎಳೆಯಬೇಡಿ, ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ ಎಳೆಯಿರಿ. ಅಂಚಿನಲ್ಲಿ ನೀಲಿ ಒಸರಿದ್ದರೆ ಹಲ್ಲುಕಡ್ಡಿಯ ತುದಿ ಚೂಪು ಮಾಡಿ ಮೆಲ್ಲಗೆ ಕೆರೆಯಿರಿ. ಆಮೇಲೆ ವಿಮಾನವನ್ನು ಮಗುಚಿ, ಟಾರ್ಚ್ ಹಾಕಿ ಹೊಟ್ಟೆಯ ಕಿಂಡಿಯೊಳಗೆ ನೋಡಿ. ಕತ್ತಲೆಯಲ್ಲಿ ಲೆನ್ಸಿನ ಚುಕ್ಕೆ ಮಿನುಗಬೇಕು.